ಈ ಡ್ರಮ್ಮಿನಲ್ಲಿ ಮೊದಲು ಏನಿತ್ತು?

ನಮ್ಮ ಓಣಿಯಲ್ಲಿ ನೀರು ಬರುವ ದಿನ ಅಲಾರಂ ಬೇಕಾಗಿಲ್ಲ. ಕಲಬುರಗಿ ಕೋಟೆಯ ಕಂದಕ ದಾಟಿ ಎರಡು ಓಣಿ ಆಚೆಗೆ ನಮ್ಮ ಮನೆ. ನಳ ಗೊರ್ ಅಂದ ಕೂಡಲೇ ಯಾರಾದರೊಬ್ಬರು "ನೀರು ಬಂದಾವ್ರೀ" ಅಂತ ಕೂಗುತ್ತಾರೆ. ಆಮೇಲೆ ಮನೆಮನೆಯಿಂದ ಕೊಡ, ಬಕೆಟ್ಟು, ಹಂಡೆ, ನೀಲಿ ಡ್ರಮ್ಮು, ಹಳೇ ಪೇಂಟಿನ ಡಬ್ಬಿ ಎಲ್ಲ ಹೊರಬೀಳುತ್ತವೆ. ಭೀಮೆಯ ನೀರು, ಬೆಣ್ಣೆತೊರೆಯ ನೀರು ಈ ನೂರೆಂಟು ನಮೂನೆಯ ಪಾತ್ರೆಗಳಲ್ಲಿ ಕೂತು ಮುಂದಿನ ಸರದಿಯವರೆಗೆ ಕಾಯುತ್ತವೆ.

ಈ ಪಾತ್ರೆಗಳ ಬಗ್ಗೆ ನಾನು ಎಂದೂ ತಲೆ ಕೆಡಿಸಿಕೊಂಡವನಲ್ಲ. ಇಂಜಿನಿಯರಿಂಗ್ ಓದಿದೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಹಿಡಿದೆ, 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದೆ, ಇಲ್ಲೇ ಉಳಿದೆ. ಪಾತ್ರೆಯ ಪಾಠ ನನಗೆ ಕಲಿಸಿದ್ದು ಸತ್ತುಹೋದ ಎರಡು ಸಿಗಡಿ. ಆ ಪಾಠದಲ್ಲಿ ಅರ್ಧ ಮಾತ್ರ ನಾನು ಕಲಿತಿದ್ದೆ. ಉಳಿದರ್ಧ ಕಲಿಸಿದ್ದು ನಮ್ಮ ಅವ್ವ.

ಕಲಬುರಗಿಯಲ್ಲೊಂದು ಸಮುದ್ರ

ನಮ್ಮ ಪಡಸಾಲೆಯಲ್ಲಿ 200 ಲೀಟರಿನ ಒಂದು ಉಪ್ಪುನೀರಿನ ಮೀನಿನ ತೊಟ್ಟಿ ಇದೆ. ಅದರಲ್ಲಿ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟಿ ಇರುವ ಎರಡು ಕ್ಲೌನ್ ಮೀನು. ಓಣಿಯ ಹುಡುಗರು ಇವಕ್ಕೆ ನೀಮೋ ಅಂತಲೇ ಕರೆಯುತ್ತಾರೆ. ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಮರಿಗಳನ್ನೇ ಕೇಳಿ ತಂದಿದ್ದೇನೆ. ಸಮುದ್ರದಿಂದ ಹಿಡಿದದ್ದು ಬೇಡ ಅಂತ. ಹವಳ ಇಲ್ಲ. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗಟ್ಟಿ ಹವಳಕ್ಕೆ ಹುಲಿಯಷ್ಟೇ ರಕ್ಷಣೆ ಇದೆ, ಹಾಗಾಗಿ ಒಳಗಿರುವುದು ಬರೀ ಕೃತಕ ಕಲ್ಲು. ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. "ತಿನ್ನಲಾರದ ಮೀನಿಗಿ ಇಷ್ಟು ಖರ್ಚಾ?" ಅಂತ ಪಕ್ಕದ ಮನೆಯ ಕಾಕಾ ಇವತ್ತಿಗೂ ನಗುತ್ತಾರೆ.

ಸಮುದ್ರ ನಮ್ಮಿಂದ ನೂರಾರು ಕಿಲೋಮೀಟರ್ ದೂರ. ಹಾಗಾಗಿ ಸಮುದ್ರವನ್ನು ಮನೆಯಲ್ಲೇ ಮಾಡಿಕೊಳ್ಳಬೇಕು. ಲೀಟರ್ ಶುದ್ಧ ನೀರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ, ಅಂದರೆ 200 ಲೀಟರಿಗೆ 7 ಕಿಲೋ. ಅಡುಗೆ ಉಪ್ಪು ನಡೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಇರುವ ಬೇರೆಯದೇ ಉಪ್ಪು ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ನಮ್ಮ ಕೊಳವೆಬಾವಿಯ ಗಡಸು ನೀರಂತೂ ಆಗದ ಮಾತು. ಆರ್‌ಒ ಯಂತ್ರದಲ್ಲಿ ಸೋಸಿ, ಅದರ ಮುಂದೆ ಇನ್ನೊಂದು ಫಿಲ್ಟರ್ ಹಾಕಿ, ಟಿಡಿಎಸ್ ಮೀಟರು ಸೊನ್ನೆ ತೋರಿಸುವ ನೀರು ಬೇಕು.

ಇಂಥ ತೊಟ್ಟಿ ಇಟ್ಟವರಿಗೆ ಎರಡು ಪಾತ್ರೆ ಬೇಕೇ ಬೇಕು. ಒಂದರಲ್ಲಿ ಶುದ್ಧ ಸಿಹಿನೀರು, ಇನ್ನೊಂದರಲ್ಲಿ ಕಲಸಿಟ್ಟ ಉಪ್ಪುನೀರು. ಹದಿನೈದು ದಿನಕ್ಕೊಮ್ಮೆ ತೊಟ್ಟಿಯ ಸ್ವಲ್ಪ ನೀರು ತೆಗೆದು ಹೊಸ ಉಪ್ಪುನೀರು ಹಾಕಬೇಕು. ಸಿಹಿನೀರು ದಿನಾ ಬೇಕು. ಯಾಕಂದರೆ ನಮ್ಮೂರ ಬೇಸಿಗೆ ನಿಮಗೆ ಗೊತ್ತೇ ಇದೆ, 42-43 ಡಿಗ್ರಿ. ಈ ಮೀನುಗಳಿಗೆ ಬೇಕಾದದ್ದು 26ರ ಆಸುಪಾಸು. ನೀರಿನ ಮೇಲೆ ಫ್ಯಾನು ತಿರುಗಿಸಿ ತಂಪು ಮಾಡುತ್ತೇನೆ. ಏಪ್ರಿಲ್-ಮೇನಲ್ಲಿ ದಿನಕ್ಕೆ ಐದು ಲೀಟರ್ ಆವಿಯಾಗಿ ಹೋಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಹೋದಷ್ಟು ಸಿಹಿನೀರನ್ನೇ ತುಂಬಬೇಕು.

ಈ ಒಂದು ಮಾತು ನೆನಪಿಟ್ಟುಕೊಳ್ಳಿ: ನೀರು ಹೋಗುತ್ತದೆ, ನೀರಿನಲ್ಲಿ ಇದ್ದದ್ದು ಉಳಿಯುತ್ತದೆ. ಮುಂದಿನ ಕತೆಗೆ ಇದೇ ಆಧಾರ.

ಅವ್ವನ ತಾಮ್ರದ ಕೊಡ

ಮೊದಲ ವರ್ಷದ ಬೇಸಿಗೆ. ಆಫೀಸಿನ ಕೆಲಸಕ್ಕೆ ಹನ್ನೆರಡು ದಿನ ಬೆಂಗಳೂರಿಗೆ ಹೋಗಬೇಕಾಯಿತು. ದಿನಾ ಗೆರೆಯವರೆಗೆ ನೀರು ತುಂಬುವ ಕೆಲಸ ಅವ್ವನಿಗೆ ಒಪ್ಪಿಸಿದೆ. "ಆರ್‌ಒ ನೀರೇ ಹಾಕಬೇಕು ಅವ್ವಾ, ನಳದ್ದು ಬ್ಯಾಡ" ಅಂತ ಮೂರು ಸಲ ಹೇಳಿದೆ. ಅವ್ವ ಒಂದು ದಿನವೂ ತಪ್ಪಿಸಲಿಲ್ಲ.

ತಿರುಗಿ ಬಂದಾಗ ಎರಡು ಮೀನೂ ಆರಾಮ ಓಡಾಡುತ್ತಿದ್ದವು. ಆದರೆ ಮೀನಿನ ಮೈ ಸ್ವಚ್ಛ ಮಾಡುವ ಕೆಂಪು-ಬಿಳಿ ಪಟ್ಟಿಯ ಎರಡು ಸಿಗಡಿ ಸತ್ತು ಬಿದ್ದಿದ್ದವು. ಪಾಚಿ ತಿನ್ನುವ ಬಸವನಹುಳುಗಳು ಕಲ್ಲಿನಿಂದ ಕಳಚಿ ತಳಕ್ಕೆ ಉದುರಿದ್ದವು. ಉಷ್ಣತೆ ಸರಿ, ಉಪ್ಪಿನಂಶ ಸರಿ, ಅಮೋನಿಯಾ ಸೊನ್ನೆ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಹಾಗೆ ಒಂದೊಂದೇ ತೆಗೆದು ನೋಡಿದೆ. ಮೀನು ಬದುಕಿವೆ, ಬೆನ್ನುಮೂಳೆ ಇಲ್ಲದವು ಮಾತ್ರ ಸತ್ತಿವೆ ಅಂದರೆ ಮೊದಲು ಅನುಮಾನ ಪಡಬೇಕಾದದ್ದು ತಾಮ್ರದ ಮೇಲೆ. ತಾಮ್ರ ಎಲ್ಲಿಂದ ಬಂತು?

"ನೀರು ಯಾವುದರಾಗ ಇಟ್ಟಿದ್ದಿ ಅವ್ವಾ?"

"ಆರ್‌ಒ ನೀರೇ ಹಾಕೀನಪ್ಪ. ಪ್ಲಾಸ್ಟಿಕ್‌ನಾಗ ಇಟ್ಟಿದ್ದು ಚಲೋ ಅಲ್ಲ ಅಂತ ರಾತ್ರಿ ಅಜ್ಜಿ ತಾಮ್ರದ ಕೊಡದಾಗ ತುಂಬಿಡ್ತಿದ್ದೆ. ಮುಂಜಾನಿ ಹಾಕ್ತಿದ್ದೆ. ಯಾಕ, ಏನಾಯ್ತು?"

ಏನು ಹೇಳಲಿ? ತನಗೆ ಒಳ್ಳೆಯದು ಅಂತ ನಂಬಿದ್ದನ್ನೇ ಅವುಗಳಿಗೂ ಕೊಟ್ಟಿದ್ದಳು.

ಲೆಕ್ಕ ನೋಡಿ. ರಾತ್ರಿಯಿಡೀ ಕೂತ ನೀರಿಗೆ ಕೊಡ ಲೀಟರಿಗೆ ಅರ್ಧ ಮಿಲಿಗ್ರಾಂ ತಾಮ್ರ ಬಿಟ್ಟಿತು ಅಂತ ಹಿಡಿಯೋಣ. ದಿನಕ್ಕೆ ಐದು ಲೀಟರ್, ಹನ್ನೆರಡು ದಿನ, ಒಟ್ಟು 30 ಮಿಲಿಗ್ರಾಂ. ನೀರು ಆವಿಯಾಗಿ ಹೋಯಿತು, ತಾಮ್ರ ತೊಟ್ಟಿಯಲ್ಲೇ ಕೂಡುತ್ತಾ ಬಂತು. 200 ಲೀಟರಿಗೆ ಹಂಚಿದರೆ ಲೀಟರಿಗೆ 0.15 ಮಿಲಿಗ್ರಾಂ. ಕಾಯಿಲೆ ಬಿದ್ದ ಸಮುದ್ರ ಮೀನುಗಳಿಗೆ ಔಷಧಿಯಾಗಿ ಕೊಡುವ ತಾಮ್ರದ ಪ್ರಮಾಣ ಲೀಟರಿಗೆ 0.15ರಿಂದ 0.25 ಮಿಲಿಗ್ರಾಂ. ಮೀನು ಅದನ್ನು ತಡೆದುಕೊಳ್ಳುತ್ತದೆ. ಆದರೆ ಆ ಔಷಧಿಯ ಬಾಟಲಿಯ ಮೇಲೇ ಸಿಗಡಿ, ಬಸವನಹುಳು ಇರುವ ತೊಟ್ಟಿಗೆ ಹಾಕಬೇಡಿ ಅಂತ ಬರೆದಿರುತ್ತದೆ.

ವಿಚಿತ್ರ ಅಂದರೆ ಸಿಗಡಿಯ ರಕ್ತದಲ್ಲೇ ತಾಮ್ರ ಇದೆ. ನಮ್ಮ ರಕ್ತದಲ್ಲಿ ಉಸಿರಿನ ಆಮ್ಲಜನಕ ಹೊರಲು ಕಬ್ಬಿಣ ಇರುವ ಹಾಗೆ ಅದಕ್ಕೆ ತಾಮ್ರ. ಬೇಕಾದದ್ದೇ ಆದರೂ ಹೊರಗಿನಿಂದ ಒಂದಿಷ್ಟು ಹೆಚ್ಚಾದರೆ ಪ್ರಾಣ ಹೋಗುತ್ತದೆ.

ಹಾಗಾದರೆ ತಾಮ್ರದ ಕೊಡದ ನೀರು ನಮಗೆ ಕುಡಿಯಬಾರದೇ? ಹಾಗೇನಿಲ್ಲ. ನಮ್ಮ ಮೈ ದೊಡ್ಡದು, ಹೆಚ್ಚಿನ ತಾಮ್ರವನ್ನು ಹೊರಹಾಕುವ ಯಕೃತ್ತು ಇದೆ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಲೀಟರಿಗೆ 0.05 ಮಿಲಿಗ್ರಾಂ ತಾಮ್ರ ಇರಲಿ, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂದಿದೆ. ನಮಗೆ ನಡೆಯುವ ಆ ಮೇಲ್ಮಿತಿಯ ಹತ್ತನೇ ಒಂದು ಭಾಗದಲ್ಲೇ ಸಿಗಡಿಯ ಕತೆ ಮುಗಿಯುತ್ತದೆ. ಒಂದು ಎಚ್ಚರ ಮಾತ್ರ ಹೇಳುತ್ತೇನೆ. ಆರ್‌ಒ ನೀರಿನಲ್ಲಿ ಖನಿಜ ಕಡಿಮೆ, ಸ್ವಲ್ಪ ಹುಳಿ ಸ್ವಭಾವ; ಅದು ನಳದ ನೀರಿಗಿಂತ ಜಾಸ್ತಿ ಲೋಹವನ್ನು ಕರಗಿಸಿಕೊಳ್ಳುತ್ತದೆ. ಆರ್‌ಒ ನೀರನ್ನು ತಾಮ್ರದಲ್ಲಿ ದಿನಗಟ್ಟಲೆ ಇಡುವ ಅಭ್ಯಾಸ ಬೇಡ. ಮಜ್ಜಿಗೆ, ಲಿಂಬೆರಸ, ಹುಣಸೆಹುಳಿ ಕಲಾಯಿ ಇಲ್ಲದ ತಾಮ್ರ-ಹಿತ್ತಾಳೆಯಲ್ಲಿ ಬೇಡವೇ ಬೇಡ. ನಮ್ಮ ಅಜ್ಜಿಯರು ವರ್ಷಕ್ಕೊಮ್ಮೆ ಕಲಾಯಿಗಾರನಿಗೆ ಕಾಯುತ್ತಿದ್ದದ್ದು ಸುಮ್ಮನೆ ಅಲ್ಲ.

ಯಾವ ಪಾತ್ರೆ, ಯಾವ ನೀರು

ಆಮೇಲೆ ಮನೆಯಲ್ಲಿದ್ದ ಪ್ರತಿ ಪಾತ್ರೆಯನ್ನೂ ಎದುರಿಗಿಟ್ಟುಕೊಂಡು ವಿಚಾರ ಮಾಡಿದೆ.

ಮಣ್ಣಿನ ಹರವಿ ಕುಡಿಯುವ ನೀರಿಗೆ ಬಂಗಾರ. ಬೇಸಿಗೆಯಲ್ಲಿ ಫ್ರಿಜ್ಜಿನ ನೀರು ಅದರ ಮುಂದೆ ಸಪ್ಪೆ. ಆದರೆ ಉಪ್ಪುನೀರು ಹಾಕಿದರೆ ಅದು ರಂಧ್ರಗಳಿಂದ ಹೊರಗೆ ಜಿನುಗಿ, ಒಣಗಿ, ಹೊರಮೈಗೆ ಬಿಳಿ ಹರಳು ಕಟ್ಟಿ, ಮಣ್ಣು ಪದರು ಪದರಾಗಿ ಉದುರುತ್ತದೆ. ಹಳೇ ಮನೆಗಳ ಗೋಡೆಗೆ ಉಪ್ಪು ಬಡಿದು ಗಾರೆ ಉದುರುವುದೂ ಇದೇ ರೀತಿ.

ಸಿಮೆಂಟಿನ ತೊಟ್ಟಿ ಬಳಕೆಯ ನೀರಿಗೆ ಸೈ. ಶುದ್ಧ ಆರ್‌ಒ ನೀರು ಅದರಲ್ಲಿ ಕೂತರೆ ಸಿಮೆಂಟಿನ ಸುಣ್ಣವನ್ನು ಎಳೆದುಕೊಳ್ಳುತ್ತದೆ, ನೀರಿನ ಗುಣವೇ ಬದಲಾಗುತ್ತದೆ.

ಸ್ಟೀಲಿನ ಡ್ರಮ್ಮು ಕುಡಿಯುವ ಸಿಹಿನೀರಿಗೆ ಎಲ್ಲಕ್ಕಿಂತ ನೆಮ್ಮದಿ. ಆದರೆ ಅದಕ್ಕೆ ಉಪ್ಪುನೀರು ವೈರಿ. ಹೊಳೆಯುವ ಸ್ಟೀಲಿನಲ್ಲೂ ಸೂಜಿಮೊನೆಯಷ್ಟು ತೂತು ಕೊರೆದು ತುಕ್ಕು ಹಿಡಿಸುತ್ತದೆ. ಸತುವಿನ ಲೇಪದ ಕಬ್ಬಿಣದ ಬಕೆಟ್ಟು, ಅಲ್ಯೂಮಿನಿಯಂ ಪಾತ್ರೆಗಳ ಮಾತು ಬಿಡಿ. ಗಾಜು ಎಲ್ಲಕ್ಕೂ ಸುರಕ್ಷಿತ, ಆದರೆ ಐವತ್ತು ಲೀಟರಿನ ಗಾಜನ್ನು ಎತ್ತುವವರು ಯಾರು?

ಉಳಿದದ್ದು ಪ್ಲಾಸ್ಟಿಕ್. ಮನೆಯ ಯಾವ ಪ್ಲಾಸ್ಟಿಕ್ ಪಾತ್ರೆಯನ್ನಾದರೂ ಬೋರಲು ಹಾಕಿ ನೋಡಿ. ಬಾಣಗಳ ತ್ರಿಕೋನ, ಅದರೊಳಗೆ 1ರಿಂದ 7ರವರೆಗೆ ಒಂದು ಅಂಕಿ ಇರುತ್ತದೆ. ಇದು ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು 1988ರಲ್ಲಿ ತಂದ ಗುರುತು. 1 ಅಂದರೆ ಪೆಟ್, ಅಂಗಡಿಯ ನೀರಿನ ಬಾಟಲಿ. 2 ಎಚ್‌ಡಿಪಿಇ, ಗಟ್ಟಿ ಡ್ರಮ್ಮು, ಕ್ಯಾನು. 3 ಪಿವಿಸಿ. 4 ಎಲ್‌ಡಿಪಿಇ. 5 ಪಾಲಿಪ್ರೊಪಿಲಿನ್, ಊಟದ ಡಬ್ಬಿ. 6 ಪಾಲಿಸ್ಟೈರಿನ್. 7 ಅಂದರೆ ಉಳಿದವೆಲ್ಲ. ನೀರು ತುಂಬಿಡಲು 2, 4, 5 ಒಳ್ಳೆಯವು. ಇವನ್ನು ಮೆದು ಮಾಡಲು ಬೇರೆ ರಾಸಾಯನಿಕ ಸೇರಿಸಬೇಕಾಗಿಲ್ಲ, ಉಪ್ಪಿಗೂ ಜಗ್ಗುವುದಿಲ್ಲ. ಮೆತ್ತಗೆ ಬಾಗುವ, ಹೊಸ ಚಪ್ಪಲಿಯ ವಾಸನೆ ಬರುವ ಪಿವಿಸಿ ಪೈಪು ಕುಡಿಯುವ ನೀರಿಗೂ ಬೇಡ, ಮೀನಿಗೂ ಬೇಡ.

ಅಂಕಿ ಒಂದನ್ನೇ ನಂಬಬೇಡಿ. ಅದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಹೇಳುತ್ತದೆ, ಆಹಾರಕ್ಕೆ ಯೋಗ್ಯ ಅಂತ ಹೇಳುವುದಿಲ್ಲ. ಕುಡಿಯುವ ನೀರಿಗೆ ತಾಗುವ ಪಾಲಿಥೀನಿಗೆ ಐಎಸ್ 10146 ಅನ್ನುವ ಮಾನಕ ಇದೆ. ಮಾಳಿಗೆಯ ಮೇಲಿನ ಟ್ಯಾಂಕಿಗೆ ಐಎಸ್ 12701. ಕೊಳ್ಳುವಾಗ ಆಹಾರ ದರ್ಜೆಯದ್ದೇ ಬೇಕು ಅಂತ ಕೇಳಿ. ಲೋಟ ಮತ್ತು ಫೋರ್ಕಿನ ಚಿತ್ರ ಇದ್ದರೆ ಅದೂ ಆಹಾರಕ್ಕೆ ಯೋಗ್ಯ ಅನ್ನುವ ಗುರುತು. ಕಪ್ಪಗಿರುವ, ಬಣ್ಣ ಅಲ್ಲಲ್ಲಿ ಬೇರೆಯಾಗಿ ಕಾಣುವ ಅಗ್ಗದ ಬಕೆಟ್ಟುಗಳು ಬಹಳ ಸಲ ಗುಜರಿ ಪ್ಲಾಸ್ಟಿಕ್ ಕರಗಿಸಿ ಮಾಡಿದವು. ನೆಲ ಒರೆಸಲು ಇಟ್ಟುಕೊಳ್ಳಿ.

ನಾನು ಮಾಡಿದ ಇನ್ನೊಂದು ತಪ್ಪು ಹೇಳಿಬಿಡುತ್ತೇನೆ. ಒಳ್ಳೆಯ ಡ್ರಮ್ಮು ತಂದು ಅದಕ್ಕೆ ಹಿತ್ತಾಳೆಯ ನಲ್ಲಿ ಕೂರಿಸಿದ್ದೆ. ಹಿತ್ತಾಳೆ ಅಂದರೇನು? ತಾಮ್ರ ಮತ್ತು ಸತು. ಪುಣ್ಯಕ್ಕೆ ನೀರು ತುಂಬುವ ಮೊದಲು ನೆನಪಾಯಿತು, ಪ್ಲಾಸ್ಟಿಕ್ ನಲ್ಲಿಗೆ ಬದಲಾಯಿಸಿದೆ.

ಇಷ್ಟೆಲ್ಲ ಕಲಿತ ಮೇಲೆ ನಾನು ದೊಡ್ಡ ಪಂಡಿತನಾದೆ ಅಂದುಕೊಂಡಿದ್ದೆ.

ಮಾಮಾ ತಂದ ನೀಲಿ ಡ್ರಮ್ಮು

ಹೋದ ವರ್ಷ ಮೇ ತಿಂಗಳು ಕಮಲಾಪುರದಿಂದ ಮಾಮಾ ಬಂದರು. ಅವ್ವನ ತಮ್ಮ. ಕಮಲಾಪುರ ಅಂದರೆ ಕೆಂಪು ಬಾಳೆ, ಜಿಐ ಮಾನ್ಯತೆ ಪಡೆದದ್ದು. ಮಾಮಾನ ಹೊಲದಲ್ಲಿ ಸ್ವಲ್ಪ ಬಾಳೆ, ಉಳಿದದ್ದು ತೊಗರಿ. ಟಂಟಂನಿಂದ ಇಳಿದವರ ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು, ಹಿಂದೆ ಒಂದು ನೀಲಿ ಡ್ರಮ್ಮು.

"ಅಳಿಯಾ, ನಿನ್ನ ಮೀನಿಗಿ ತಂದೀನಿ ನೋಡು. ಐವತ್ತು ಲೀಟರಿಂದು. ಹೊಸಾದು ತಗೊಂಡ್ರ ದುಪ್ಪಟ್ಟ ರೊಕ್ಕ. ಸಂತ್ಯಾಗ ಎರಡು ತಗೊಂಡೆ. ಸೋಡಾ ಹಾಕಿ ನಾನೇ ತಿಕ್ಕಿ ತೊಳ್ದೀನಿ."

ಬೋರಲು ಹಾಕಿ ನೋಡಿದೆ. ತ್ರಿಕೋನ, ಒಳಗೆ 2. ಗಟ್ಟಿ ಎಚ್‌ಡಿಪಿಇ. ಖುಷಿಯಾಯಿತು. ಆಮೇಲೆ ಪಕ್ಕದಲ್ಲಿ ಕೆರೆದು ತೆಗೆದ ಚೀಟಿಯ ಗುರುತು ಕಂಡಿತು. ಪೂರ್ತಿ ಹೋಗಿರಲಿಲ್ಲ. ಒಂದು ಮೂಲೆಯಲ್ಲಿ ಹಳದಿ ಬಣ್ಣದ ಸಣ್ಣ ತ್ರಿಕೋನ ಉಳಿದಿತ್ತು, ವಜ್ರಾಕಾರದ ಕೆಳಗಿನ ಅರ್ಧ.

ಹೊಲ ಇದ್ದವರಿಗೆ ಈ ಗುರುತು ಗೊತ್ತಿರಬೇಕು. ನಮ್ಮ ದೇಶದಲ್ಲಿ ಕೀಟನಾಶಕದ ಪ್ರತಿ ಡಬ್ಬಿಯ ಮೇಲೆ ಒಂದು ವಜ್ರಾಕಾರ ಇರಲೇಬೇಕು. ಅದರ ಕೆಳಗಿನ ಅರ್ಧ ಕೆಂಪಿದ್ದರೆ ಎಲ್ಲಕ್ಕಿಂತ ತೀವ್ರ ವಿಷ, ಹಳದಿ ಅದರ ನಂತರ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಅಂದರೂ ವಿಷವೇ, ಪ್ರಮಾಣ ಕಡಿಮೆ ಅಷ್ಟೇ. ನಮ್ಮ ಡ್ರಮ್ಮಿನ ಮೇಲೆ ಹಳದಿ.

ಮುಚ್ಚಳ ಬಿಗಿದು ಒಂದು ದಿನ ಮಾಳಿಗೆಯ ಬಿಸಿಲಿಗಿಟ್ಟೆ. ಸಂಜೆ ಸ್ವಲ್ಪವೇ ತೆರೆದರೆ ತೊಗರಿಗೆ ಎಣ್ಣೆ ಹೊಡೆದ ದಿನ ಹೊಲದಲ್ಲಿ ಬರುವ ಅದೇ ವಾಸನೆ. ಸೋಡಾ ಹಾಕಿ ತಿಕ್ಕಿದ್ದು ಸುಳ್ಳಲ್ಲ. ಆದರೆ ಬಹಳಷ್ಟು ಕೀಟನಾಶಕಗಳು ಎಣ್ಣೆಯಂಥ ದ್ರಾವಣದಲ್ಲಿ ಕರಗಿಸಿಟ್ಟವು. ಪಾಲಿಥೀನಿಗೆ ಎಣ್ಣೆ ಅಂದರೆ ಇಷ್ಟ. ಅರಿಸಿನ ಎಣ್ಣೆಯ ಉಪ್ಪಿನಕಾಯಿ ಇಟ್ಟ ಡಬ್ಬಿ ಎಷ್ಟು ತೊಳೆದರೂ ಹಳದಿ ಉಳಿಯುವ ಹಾಗೆ, ವಿಷವೂ ಡ್ರಮ್ಮಿನ ಗೋಡೆಯೊಳಗೇ ಇಳಿದಿರುತ್ತದೆ. ಮೇಲಿನಿಂದ ತೊಳೆಯುತ್ತೀರಿ, ಒಳಗಿನದು ನಿಧಾನಕ್ಕೆ ನೀರಿಗೆ ಬರುತ್ತಲೇ ಇರುತ್ತದೆ. ಅದರಲ್ಲೂ ನಮ್ಮ ಬಿಸಿಲಿನಲ್ಲಿ.

ಮಾಮಾಗೆ ಬೇಸರ ಆಗಬಾರದು ಅಂತ ನಾನು ಬಾಯಿ ಬಿಡಲಿಲ್ಲ. ಡ್ರಮ್ಮನ್ನು ಮಾಳಿಗೆಯ ಮೂಲೆಗೆ ಸರಿಸಿ ಸುಮ್ಮನಾದೆ. ಮೀನು ಪಾರಾದವು, ನನ್ನ ಕೆಲಸ ಮುಗಿಯಿತು.

ಎರಡು ದಿನ ಬಿಟ್ಟು ಅವ್ವ ಅದನ್ನು ಉರುಳಿಸಿಕೊಂಡು ಬಂದಳು. "ಖಾಲಿ ಯಾಕ ಬಿಟ್ಟಿ? ನಾಳಿ ನೀರು ಬರ್ತಾವ, ತುಂಬಿಡ್ತೀನಿ."

"ಬ್ಯಾಡ ಅವ್ವಾ. ಅದರಾಗ ಮೊದಲು ಹೊಲಕ್ಕ ಹೊಡಿಯೋ ವಿಷ ಇತ್ತು. ಮೀನಿಗಿ ಆಗೂದಿಲ್ಲ ಅಂತ ಬಿಟ್ಟೀನಿ."

ಅವ್ವ ಅಲ್ಲೇ ನಿಂತಳು. "ಅಂವ ಎರಡು ತಗೊಂಡೀನಿ ಅಂದಿದ್ದ. ಇನ್ನೊಂದು ಎಲ್ಲದ?"

ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಫೋನ್ ಹಚ್ಚಿದೆ. "ಹೊಲದಾಗ ಅದ ಅಳಿಯಾ. ಆಳಿಗೆ ಕುಡಿಲಿಕ್ಕ ನೀರು ತುಂಬಿಡ್ತೀವಿ. ಯಾಕ?"

ಫೋನ್ ಇಟ್ಟ ಮೇಲೆ ಅವ್ವ ಅಂದದ್ದು ಇಷ್ಟೇ: "ಮೀನಿಗಿ ಆಗೂದಿಲ್ಲ ಅಂತ ಎರಡು ದಿನದ ಹಿಂದೇ ಗೊತ್ತಿತ್ತು ನಿನಗ. ಮಂದಿಗಿ ಆಗ್ತದೇನು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಕಮಲಾಪುರದ ಹೊಲದಲ್ಲಿ

ಮರುದಿನ ಮುಂಜಾನೆ ಹುಮನಾಬಾದ್ ರಸ್ತೆ ಹಿಡಿದು ಬೈಕಿನಲ್ಲಿ ಹೋದೆ. ಹಿಂದೆ ಹೊಸ ಡ್ರಮ್ಮು ಕಟ್ಟಿಕೊಂಡಿದ್ದೆ. ಮಾಮಾಗೆ ಸಿಟ್ಟು ಬಂತು. "ತಿಂಗಳಾಯ್ತು ಕುಡಿಲತ್ತಾರ. ಯಾರಿಗಿ ಏನಾಗ್ಯಾದ? ನೀವು ಓದಿದವರು ಎಲ್ಲದಕ್ಕೂ ಹೆದರಸ್ತೀರಿ."

ನಾನು ಬಿಹಾರದ ಶಾಲೆಯ ಕತೆ ಹೇಳಿದೆ. 2013ರ ಜುಲೈ 16, ಸಾರಣ ಜಿಲ್ಲೆಯ ಒಂದು ಹಳ್ಳಿ. ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಅನ್ನುವ ಕೀಟನಾಶಕ ಸಿಕ್ಕಿತು. ಕೀಟನಾಶಕ ಇದ್ದ ಡಬ್ಬಿಯಲ್ಲಿ ಎಣ್ಣೆ ಇಟ್ಟದ್ದೇ ಕಾರಣ ಅಂತ ಆಗ ವರದಿಯಾಗಿತ್ತು. ಎಣ್ಣೆಯ ವಾಸನೆ ಬೇರೆ ಇದೆ ಅಂತ ಅಡುಗೆಯಾಕೆ ಮೊದಲೇ ಹೇಳಿದ್ದಳಂತೆ ಅಂತಲೂ ಪತ್ರಿಕೆಯಲ್ಲಿ ಬಂದಿತ್ತು.

ನಮ್ಮ ದೇಶದ ಕೀಟನಾಶಕ ಕಾಯ್ದೆ ಬಂದದ್ದೇ ಇಂಥದೊಂದು ಸಾವಿನಿಂದ. 1958ರಲ್ಲಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅವರು ಉಂಡ ಗೋಧಿ ಹಿಟ್ಟು ಮತ್ತು ಪ್ಯಾರಾಥಿಯಾನ್ ವಿಷ ಒಂದೇ ಹಡಗಿನಲ್ಲಿ ಬಂದಿದ್ದವು, ದಾರಿಯಲ್ಲಿ ವಿಷ ಸೋರಿ ಹಿಟ್ಟಿಗೆ ಸೇರಿತ್ತು. ಹತ್ತು ವರ್ಷದ ನಂತರ, 1968ರಲ್ಲಿ, ಕಾಯ್ದೆ ಆಯಿತು. 1971ರ ನಿಯಮಗಳಲ್ಲಿ ಖಾಲಿ ಡಬ್ಬಿಯನ್ನು ಮತ್ತೆ ಬಳಸದ ಹಾಗೆ ಒಡೆದು ಮನೆಗಳಿಂದ ದೂರ ಹೂಳಬೇಕು ಅಂತ ಬರೆದಿದ್ದಾರೆ. ಬರೆದದ್ದು ಪುಸ್ತಕದಲ್ಲಿದೆ. ಡ್ರಮ್ಮು ಸಂತೆಯಲ್ಲಿದೆ.

ಮಾಮಾ ಏನೂ ಮಾತಾಡಲಿಲ್ಲ. ಬೇವಿನ ಗಿಡದ ನೆರಳಿನಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿ ಕೂತಿದ್ದರು. ಅವರಲ್ಲಿ ವಯಸ್ಸಾದ ಒಬ್ಬಾಕೆ ನಮ್ಮ ಮಾತು ಕೇಳಿಸಿಕೊಂಡು ನಿಧಾನಕ್ಕೆ ಅಂದಳು:

"ಒಂದು ನಮೂನಿ ವಾಸನಿ ಬರ್ತಿತ್ತರಿ ನೀರಾಗ. ತಂದುಕೊಟ್ಟೋರಿಗಿ ಹ್ಯಾಂಗ ಅನ್ನೂದು ಅಂತ ಸುಮ್ಮಿದ್ದಿವಿ."

ಮಾಮಾ ಎದ್ದು ಹೋಗಿ ಡ್ರಮ್ಮಿನ ನೀರನ್ನು ಪೂರ್ತಿ ಚೆಲ್ಲಿದರು. ಬಾವಿಯಿಂದ, ಕಾಲುದಾರಿಯಿಂದ ದೂರ, ಬರಡು ಮೂಲೆಯಲ್ಲಿ. ಆಮೇಲೆ ಹಾರೆ ತಗೊಂಡು ತಳಕ್ಕೆ ನಾಲ್ಕು ತೂತು ಹೊಡೆದರು. "ಇನ್ನ ಯಾರೂ ಒಯ್ಯೂದಿಲ್ಲ ಬಿಡು" ಅಂದರು. ನಮ್ಮ ಮಾಳಿಗೆಯಲ್ಲಿದ್ದ ಇನ್ನೊಂದಕ್ಕೂ ಅದೇ ಗತಿಯಾಯಿತು. ಗುಜರಿಗೆ ಹಾಗೇ ಕೊಟ್ಟರೆ ಅದು ತೊಳೆದುಕೊಂಡು ಇನ್ನೊಂದು ಸಂತೆಗೆ, ಇನ್ನೊಂದು ಮನೆಗೆ ಹೋಗುತ್ತದೆ ಅಷ್ಟೇ.

ಆ ತಿಂಗಳಿನಲ್ಲಿ ಯಾರಿಗೂ ಏನೂ ಆಗಲಿಲ್ಲ, ನಿಜ. ಆದರೆ ವಾಸನೆ ಗೊತ್ತಾದವರು ಹೇಳಲು ಹಿಂಜರಿದರು. ಚೀಟಿ ಓದಲು ಬಂದ ನಾನು ಹೇಳಲಿಲ್ಲ. ಅವರಿಗೆ ಕೂಲಿ ಹೋಗುವ ಭಯ ಇತ್ತು. ನನಗೆ ಏನಿತ್ತು? ಮಾಮಾನ ಮುಖ ಸಪ್ಪಗಾಗಬಾರದು ಅನ್ನುವ ಸಂಕೋಚ.

ಈಗ ನಮ್ಮ ಮನೆಯ ರೀತಿ

ಮೀನಿಗಾಗಲಿ, ಮನೆಮಂದಿಗಾಗಲಿ, ಈಗ ನಮ್ಮಲ್ಲಿ ಒಂದೇ ನಿಯಮ.

ಮೊದಲನೆಯದು, ಹಳೇ ಡ್ರಮ್ಮು ಕೊಳ್ಳುವುದಾದರೆ ಅದರಲ್ಲಿ ಮೊದಲು ಏನಿತ್ತು ಅಂತ ಕೇಳುತ್ತೇವೆ. ಗೊತ್ತಿಲ್ಲ ಅಂದರೆ ಬೇಡ ಅಂತಲೇ ಅರ್ಥ. ಹಣ್ಣಿನ ರಸ, ಖಾದ್ಯ ಎಣ್ಣೆಯಂಥದ್ದು ಇದ್ದ, ಮೂಲ ಚೀಟಿ ಹಾಗೇ ಇರುವ ಡ್ರಮ್ಮಾದರೆ ಅಡ್ಡಿಯಿಲ್ಲ. ಚೀಟಿ ಕೆರೆದು ತೆಗೆದದ್ದು ಕಂಡರೆ ಅದನ್ನು ಮುಟ್ಟುವುದಿಲ್ಲ. ಪೇಂಟು, ಫಿನಾಯಿಲ್, ಆಸಿಡ್, ಗೊಬ್ಬರ, ಕೀಟನಾಶಕ ಇದ್ದವು ಎಷ್ಟೇ ಗಟ್ಟಿ ಇರಲಿ, ನೀರಿಗೆ ಬೇಡ.

ಎರಡನೆಯದು, ಬೋರಲು ಹಾಕಿ ಅಂಕಿ ನೋಡುತ್ತೇವೆ: 2, 4 ಅಥವಾ 5. ಜೊತೆಗೆ ಆಹಾರ ದರ್ಜೆಯ ಗುರುತು.

ಮೂರನೆಯದು, ಬಿಸಿಲಿನ ಪರೀಕ್ಷೆ. ಮುಚ್ಚಳ ಹಾಕಿ ಒಂದು ದಿನ ಬಿಸಿಲಿಗಿಟ್ಟು ತೆಗೆದಾಗ ವಾಸನೆ ಬಂದರೆ ವಾಪಸ್. ಆದರೆ ವಾಸನೆ ಇಲ್ಲ ಅಂದ ಮಾತ್ರಕ್ಕೆ ಪಾಸಾಯಿತು ಅಂತಲ್ಲ; ವಾಸನೆ ಇಲ್ಲದ ವಿಷಗಳೂ ಇವೆ. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿರಲೇಬೇಕು.

ನಾಲ್ಕನೆಯದು, ಹೊಸ ಡ್ರಮ್ಮನ್ನು ಸೋಪಿಲ್ಲದೆ ಬರೀ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಒಂದು ರಾತ್ರಿ ನೀರು ತುಂಬಿಟ್ಟು ಚೆಲ್ಲುತ್ತೇವೆ. ಮೀನಿನ ಡ್ರಮ್ಮಿಗೆ ಸೋಪು, ಫಿನಾಯಿಲ್ ಎಂದೂ ತಾಗಬಾರದು. ಅದಕ್ಕೆ ಅವ್ವ ಕೆಂಪು ಬಣ್ಣದಲ್ಲಿ 'ಮೀನು' ಅಂತ ಬರೆದಿದ್ದಾಳೆ, ಮಗ್ಗು ಕೂಡ ಬೇರೆ.

ಐದನೆಯದು, ಬೆಳಕು ತೂರದ ಪಾತ್ರೆ, ನೆರಳಿನಲ್ಲಿ, ಮುಚ್ಚಳ ಬಿಗಿ. ಬೆಳಕು ಬಿದ್ದರೆ ಪಾಚಿ. ಮುಚ್ಚಳ ಇಲ್ಲದಿದ್ದರೆ ಡೆಂಗಿಯ ಸೊಳ್ಳೆ. ಅದು ಮೊಟ್ಟೆ ಇಡುವುದು ನಾವು ಕೂಡಿಟ್ಟ ತಿಳಿನೀರಿನಲ್ಲೇ. ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆ ತಿಕ್ಕಿ, ಒಣಗಿಸಿ ತುಂಬಿ.

ಮೀನು ಸಾಕುವವರಿಗೆ ಮಾತ್ರ ಇನ್ನೊಂದು: ಉಪ್ಪು ಕಲಸುವಾಗ ಮೊದಲು ನೀರು, ಆಮೇಲೆ ಪಂಪು ತಿರುಗಿಸುತ್ತಾ ಸ್ವಲ್ಪ ಸ್ವಲ್ಪವೇ ಉಪ್ಪು. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಹಿಟ್ಟಾಗಿ ತಳಕ್ಕೆ ಕೂರುತ್ತದೆ. ಒಂದು ದಿನ ತಿರುಗಲು ಬಿಟ್ಟು, ಅಳತೆ ನೋಡಿ ಬಳಸಿ.

ಈಗ ನಮ್ಮ ತೊಟ್ಟಿಯಲ್ಲಿ ಮತ್ತೆ ಎರಡು ಸಿಗಡಿ ಇವೆ. ವರ್ಷ ದಾಟಿದವು. ಅಜ್ಜಿಯ ತಾಮ್ರದ ಕೊಡವೂ ಅಡುಗೆಮನೆಯಲ್ಲಿ ತನ್ನ ಜಾಗದಲ್ಲೇ ಇದೆ, ನಳದ ನೀರು ತುಂಬಿಕೊಂಡು.

ಮೊನ್ನೆ ನೀರು ಬಂದ ದಿನ ಅವ್ವ ಪಕ್ಕದ ಮನೆಯ ಕಾಕಿಯ ಮುಂದೆ ನಿಂತಿದ್ದಳು. ಕಾಕಿಯ ಕೈಯಲ್ಲಿ ಅದೇ ಹಳೇ ಪೇಂಟಿನ ಡಬ್ಬಿ. "ಸಿಟ್ಟಾಗಬ್ಯಾಡವ್ವಾ, ಒಂದು ಮಾತು ಹೇಳ್ತೀನಿ" ಅಂತ ಅವ್ವ ಶುರು ಮಾಡಿದಳು. ಕಾಕಿಗೆ ಸ್ವಲ್ಪ ಸಿಟ್ಟು ಬಂದದ್ದೂ ಹೌದು. ಆದರೆ ಮುಂದಿನ ಸಲ ಆ ಡಬ್ಬಿಯಲ್ಲಿ ಕರಿಬೇವಿನ ಗಿಡದ ಬುಡಕ್ಕೆ ಹಾಕುವ ಬಳಕೆ ನೀರಿತ್ತು, ಕುಡಿಯುವ ನೀರು ಸ್ಟೀಲಿನ ಕೊಡಕ್ಕೆ ಬಿತ್ತು.

ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಮನೆಯ ನೀರಿನ ಪಾತ್ರೆ ಖಾಲಿಯಾದಾಗ ಒಮ್ಮೆ ಬೋರಲು ಹಾಕಿ ನೋಡಿ. ಹಾಗೇ ನಿಮ್ಮ ಮನೆಗೆ, ಹೊಲಕ್ಕೆ, ಅಂಗಡಿಗೆ ಕೆಲಸಕ್ಕೆ ಬರುವವರು ಯಾವುದರಿಂದ ನೀರು ಕುಡಿಯುತ್ತಾರೆ ಅನ್ನುವುದನ್ನೂ ನೋಡಿ. ನನ್ನ ಹಾಗೆ ಎರಡು ದಿನ ತಡ ಮಾಡಬೇಡಿ.